ಜೀವಕೋಶಕ್ಕೆ ಎಷ್ಟು ಚಳಿ, ಎಷ್ಟು ಬೇಗ?

ಗಾಜಿನ ಬಾಟಲಿಗೆ ಕತ್ತಿನವರೆಗೂ ನೀರು ತುಂಬಿ, ಮುಚ್ಚಳ ಬಿಗಿದು ಫ್ರೀಜರ್‌ನಲ್ಲಿಟ್ಟು ಮರೆತರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಬೆಳಗ್ಗೆ ನೋಡಿದರೆ ಬಾಟಲಿ ಸೀಳಿರುತ್ತದೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ನಮ್ಮ ಮೈಯ ಒಂದೊಂದು ಜೀವಕೋಶವೂ ನೀರು ತುಂಬಿದ ಪುಟ್ಟ ಚೀಲವೇ. ಹಾಗಿದ್ದರೆ ಅದನ್ನು ಹೆಪ್ಪುಗಟ್ಟಿಸಿದರೆ ಒಡೆದು ಹೋಗಬೇಕಲ್ವಾ? ಆದರೂ ಮೈನಸ್ 196 ಡಿಗ್ರಿಯಲ್ಲಿ ವರ್ಷಗಟ್ಟಲೆ ಇಟ್ಟ ಭ್ರೂಣವನ್ನು ಹೊರಗೆ ತೆಗೆದು, ಗರ್ಭಕ್ಕೆ ಸೇರಿಸಿ, ಅದು ಆರೋಗ್ಯವಂತ ಮಗುವಾಗಿ ಹುಟ್ಟುವುದು ಇವತ್ತು ದಿನನಿತ್ಯದ ಮಾತು.

ಇನ್ನೊಂದು ಕಡೆ, ಕಿಡ್ನಿಯಲ್ಲೋ ಪ್ರಾಸ್ಟೇಟ್‌ನಲ್ಲೋ ಗಡ್ಡೆ ಇದ್ದರೆ ವೈದ್ಯರು ಅದರೊಳಗೆ ಸೂಜಿ ಚುಚ್ಚಿ, ಅದೇ ಚಳಿಯಿಂದ ಅದನ್ನು ಸಾಯಿಸುತ್ತಾರೆ. ಒಂದು ಯಂತ್ರದಲ್ಲಿ ಮಂಜು ಶತ್ರು. ಇನ್ನೊಂದರಲ್ಲಿ ಅದೇ ಮಂಜು ಆಯುಧ. ಎರಡೂ ಯಂತ್ರಗಳನ್ನು ಕಟ್ಟುವವರ ಮುಂದಿರುವ ಪ್ರಶ್ನೆ ಮಾತ್ರ ಒಂದೇ: ಶಾಖವನ್ನು ಯಾವ ದಾರಿಯಲ್ಲಿ, ಎಷ್ಟು ವೇಗವಾಗಿ ಹೊರಗೆ ಎಳೆಯಬೇಕು, ಮತ್ತೆ ಹೇಗೆ ವಾಪಸ್ ಕೊಡಬೇಕು?

ಬರೀ ಚಳಿ ಮಾಡುವುದು ಕಷ್ಟವೇ ಅಲ್ಲ. ದ್ರವ ಸಾರಜನಕ, ಅಂದರೆ ಲಿಕ್ವಿಡ್ ನೈಟ್ರೋಜನ್, ಮೈನಸ್ 196ರಲ್ಲಿ ಕುದಿಯುತ್ತದೆ. ಅದರಲ್ಲಿ ಅದ್ದಿದರೆ ಮುಗಿಯಿತು. ಆ ತಾಪಮಾನದಲ್ಲಿ ಜೀವಕೋಶಕ್ಕೆ ಏನೂ ಆಗುವುದಿಲ್ಲ, ಯಾಕೆಂದರೆ ಅಲ್ಲಿ ರಾಸಾಯನಿಕ ಕ್ರಿಯೆಗಳೇ ನಿಂತು ಹೋಗಿರುತ್ತವೆ. ಅಪಾಯ ಇರುವುದು ದಾರಿಯಲ್ಲಿ. ಮೈನಸ್ 15ರಿಂದ ಮೈನಸ್ 60ರ ನಡುವಿನ ಪಟ್ಟಿಯೇ ನಿಜವಾದ ಸಾವಿನ ಕಣಿವೆ. ಜೀವಕೋಶ ಅದನ್ನು ಎರಡು ಸಲ ದಾಟಬೇಕು. ಇಳಿಯುವಾಗ ಒಂದು ಸಲ, ಹತ್ತುವಾಗ ಇನ್ನೊಂದು ಸಲ.

ನಿಧಾನವಾದರೂ ಸಾವು, ಬೇಗವಾದರೂ ಸಾವು

ಈ ಕಣಿವೆಯ ಲೆಕ್ಕ ಹಾಕಿದವರಲ್ಲಿ ಮುಖ್ಯರು ಅಮೆರಿಕದ ಪೀಟರ್ ಮಜೂರ್. 1963ರಲ್ಲಿ ಅವರು ತಣ್ಣಗಾಗುವ ಕೋಶದಿಂದ ನೀರು ಎಷ್ಟು ಬೇಗ ಹೊರಗೆ ಬರುತ್ತದೆ ಅನ್ನುವುದನ್ನು ಸಮೀಕರಣಕ್ಕೆ ಇಳಿಸಿದರು. 1972ರಲ್ಲಿ ಸಂಗಡಿಗರ ಜೊತೆ ಸೇರಿ ಕೋಶ ಎರಡು ಬೇರೆ ಬೇರೆ ರೀತಿಯಲ್ಲಿ ಸಾಯುತ್ತದೆ ಅಂತ ತೋರಿಸಿದರು.

ನಿಧಾನವಾಗಿ ತಣ್ಣಗಾಗಿಸಿದರೆ ಮೊದಲು ಕೋಶದ ಹೊರಗಿನ ನೀರು ಮಂಜಾಗುತ್ತದೆ. ಮಂಜು ಉಪ್ಪನ್ನು ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಉಳಿದ ನೀರು ಕ್ಷಣಕ್ಷಣಕ್ಕೂ ಇನ್ನಷ್ಟು ಉಪ್ಪಾಗುತ್ತಾ ಹೋಗುತ್ತದೆ. ಆ ಉಪ್ಪು ನೀರು ಕೋಶದೊಳಗಿನ ನೀರನ್ನು ಹೀರುತ್ತದೆ. ಕೋಶ ಒಣಗಿ ಮುದುಡುತ್ತದೆ. ಸ್ವಲ್ಪ ಮುದುಡಿದರೆ ಒಳ್ಳೆಯದೇ, ಒಳಗೆ ಮಂಜು ಕಟ್ಟಲು ನೀರೇ ಉಳಿಯುವುದಿಲ್ಲ. ಆದರೆ ಆ ಉಪ್ಪಿನಲ್ಲಿ ಜಾಸ್ತಿ ಹೊತ್ತು ಕೂತರೆ ಕೋಶದ ಪೊರೆಯೂ ಪ್ರೋಟೀನುಗಳೂ ಕೆಡುತ್ತವೆ.

ಬೇಗ ತಣ್ಣಗಾಗಿಸಿದರೆ ನೀರಿಗೆ ಹೊರಗೆ ಬರಲು ಪುರುಸೊತ್ತೇ ಸಿಗುವುದಿಲ್ಲ. ಅದು ಒಳಗೇ ಮಂಜಾಗುತ್ತದೆ. ಕೋಶದೊಳಗೆ ಮಂಜಿನ ಹರಳು ಎದ್ದರೆ ಆ ಕೋಶ ಬದುಕುವುದು ಅಪರೂಪ.

ಹಾಗಾದರೆ ಎರಡರ ನಡುವೆ ಒಂದು ಸರಿಯಾದ ವೇಗ ಇರಬೇಕು. ಇದೆ. ಆದರೆ ಒಂದೊಂದು ಕೋಶಕ್ಕೆ ಒಂದೊಂದು. ಅಸ್ಥಿಮಜ್ಜೆಯ ಕಾಂಡಕೋಶಗಳಿಗೆ, ಅಂದರೆ ಸ್ಟೆಮ್ ಸೆಲ್‌ಗಳಿಗೆ, ನಿಮಿಷಕ್ಕೆ ಸುಮಾರು 1 ಡಿಗ್ರಿ. ಕೆಂಪು ರಕ್ತಕಣದ ಪೊರೆಯಿಂದ ನೀರು ಸರಾಗವಾಗಿ ಹರಿಯುತ್ತದೆ, ಹಾಗಾಗಿ ಅದು ನಿಮಿಷಕ್ಕೆ ನೂರಾರು ಡಿಗ್ರಿ ವೇಗವನ್ನೂ ತಾಳುತ್ತದೆ. ಒಂದೇ ಅಂಗದಲ್ಲಿ ಹತ್ತಾರು ಬಗೆಯ ಕೋಶಗಳಿರುತ್ತವೆ. ಯಾವ ವೇಗ ಇಡುವುದು? ಇಡೀ ಅಂಗವನ್ನು ಹೆಪ್ಪುಗಟ್ಟಿಸಿ ಉಳಿಸುವುದು ಇಷ್ಟು ಕಷ್ಟವಾಗಿರುವುದಕ್ಕೆ ಮೊದಲ ಕಾರಣ ಇದೇ.

ಈ ಎರಡು ಸಾವುಗಳ ನಡುವಿನ ಕಿರಿದಾದ ದಾರಿಯನ್ನು ಅಗಲ ಮಾಡಿದ್ದು ಒಂದು ಬಾಟಲಿಯ ಗೊಂದಲ. 1940ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಕ್ರಿಸ್ಟೋಫರ್ ಪೋಲ್ಜ್, ಆಡ್ರಿ ಸ್ಮಿತ್ ಮತ್ತು ಅಲನ್ ಪಾರ್ಕ್ಸ್ ಹುಂಜದ ವೀರ್ಯವನ್ನು ಸಕ್ಕರೆ ದ್ರಾವಣದಲ್ಲಿ ಹೆಪ್ಪುಗಟ್ಟಿಸಲು ನೋಡುತ್ತಿದ್ದರು. ಫಲ ಸಿಗಲಿಲ್ಲ. ಎಷ್ಟೋ ತಿಂಗಳ ನಂತರ ಫ್ರಿಜ್‌ನಲ್ಲಿದ್ದ ಹಳೇ ಬಾಟಲಿ ತೆಗೆದು ಮತ್ತೆ ಪ್ರಯೋಗ ಮಾಡಿದಾಗ ವೀರ್ಯಾಣುಗಳು ಬದುಕಿ ಈಜಾಡಿದವು! ಉಳಿದಿದ್ದ ಚೂರು ದ್ರಾವಣವನ್ನು ಪರೀಕ್ಷೆಗೆ ಕಳಿಸಿದರೆ ಅದರಲ್ಲಿ ಸಕ್ಕರೆಯೇ ಇರಲಿಲ್ಲ. ಇದ್ದದ್ದು ಗ್ಲಿಸರಾಲ್ ಮತ್ತು ಆಲ್ಬ್ಯುಮಿನ್. ಲೇಬಲ್ ಅದಲುಬದಲಾಗಿತ್ತು. 1949ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಹತ್ತು ವರ್ಷದ ನಂತರ ಜೇಮ್ಸ್ ಲವ್‌ಲಾಕ್ ಮತ್ತು ಬಿಷಪ್ ಅನ್ನುವ ಸಂಶೋಧಕರು ಡಿಎಂಎಸ್‌ಒ ಅನ್ನುವ ಇನ್ನೊಂದು ರಕ್ಷಕ ದ್ರವವನ್ನು ತೋರಿಸಿದರು. ಇವು ಕೋಶದೊಳಗೆ ನುಗ್ಗಿ ನೀರಿನ ಜಾಗ ಹಿಡಿಯುತ್ತವೆ, ಮಂಜು ಕಟ್ಟುವುದನ್ನು ತಡೆಯುತ್ತವೆ, ಉಪ್ಪಿನ ಏಟನ್ನು ತಗ್ಗಿಸುತ್ತವೆ. ಆದರೆ ಮೈಬಿಸಿಯಲ್ಲಿ ಇವೇ ವಿಷ. ಹಾಗಾಗಿ ಕೋಶವನ್ನು ಇವುಗಳ ಜೊತೆ ಬೆಚ್ಚಗೆ ಇಡುವ ಹೊತ್ತು ಆದಷ್ಟು ಕಡಿಮೆ ಇರಬೇಕು.

ಗ್ರಾಫಿನಲ್ಲಿ ಕಾಣುವ ಒಂದು ಗುಬುಟು

ನಿಮಿಷಕ್ಕೆ 1 ಡಿಗ್ರಿ ಇಳಿಸುವುದು ಕೇಳಲು ಸುಲಭ. ಇದಕ್ಕೆ ಅತಿ ಸರಳ ಉಪಕರಣ ಅಂದರೆ ಐಸೋಪ್ರೊಪೈಲ್ ಆಲ್ಕೋಹಾಲ್ ತುಂಬಿದ ಒಂದು ಪ್ಲಾಸ್ಟಿಕ್ ಡಬ್ಬಿ. ನಡುವೆ ವಯಲ್‌ಗಳನ್ನು, ಅಂದರೆ ಕೋಶಗಳಿರುವ ಪುಟ್ಟ ಸೀಸೆಗಳನ್ನು, ನಿಲ್ಲಿಸಿ ಮೈನಸ್ 80ರ ಫ್ರೀಜರ್‌ನಲ್ಲಿ ಇಟ್ಟರೆ, ಸುತ್ತಲಿನ ಆಲ್ಕೋಹಾಲ್ ತಣ್ಣಗಾಗುತ್ತಾ ಹೆಚ್ಚುಕಡಿಮೆ ಅದೇ ವೇಗ ಕೊಡುತ್ತದೆ. ಕೋಶ ಬೆಳೆಸುವ ಪ್ರಯೋಗಾಲಯಗಳಿಗೆ ಇಷ್ಟು ಸಾಕು.

ಆದರೆ ಭ್ರೂಣಕ್ಕೋ ರೋಗಿಗೆ ವಾಪಸ್ ಕೊಡಬೇಕಾದ ಕಾಂಡಕೋಶಕ್ಕೋ ಇದು ಸಾಲದು. ಯಾಕೆ ಅಂತ ತಿಳಿಯಲು ಒಂದು ವಯಲ್‌ನ ನಡುವೆ ತೆಳು ತಾಪಮಾಪಕ ತಂತಿ ಇಳಿಬಿಟ್ಟು ಗ್ರಾಫ್ ನೋಡಬೇಕು. ಗೆರೆ ನೇರವಾಗಿ ಕೆಳಗೆ ಇಳಿಯುತ್ತಾ ಹೋಗುತ್ತದೆ. ದ್ರಾವಣ ಹೆಪ್ಪುಗಟ್ಟಬೇಕಾದ ತಾಪಮಾನ ಬರುತ್ತದೆ, ಏನೂ ಆಗುವುದಿಲ್ಲ. ಇನ್ನೂ ಇಳಿಯುತ್ತದೆ. ಮೈನಸ್ 10, ಮೈನಸ್ 12. ನೀರು ಇನ್ನೂ ನೀರಾಗಿಯೇ ಇದೆ. ಮೊದಲ ಮಂಜಿನ ಹರಳಿಗೆ ಒಂದು ನೆಪ ಬೇಕು, ಅದು ಸಿಕ್ಕಿಲ್ಲ ಅಷ್ಟೆ. ಆಮೇಲೆ ಎಲ್ಲೋ ಒಂದು ಕಡೆ ಹರಳು ಹುಟ್ಟುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ವಯಲ್ ಪೂರ್ತಿ ಬಿಳಿ ಹಬ್ಬುತ್ತದೆ, ಗ್ರಾಫಿನ ಗೆರೆ ಚಂಗನೆ ಮೇಲಕ್ಕೆ ಹಾರುತ್ತದೆ. ತಣ್ಣಗಾಗುತ್ತಿದ್ದ ವಯಲ್ ಇದ್ದಕ್ಕಿದ್ದ ಹಾಗೆ ಬೆಚ್ಚಗಾಯಿತು! ನೀರು ಮಂಜಾಗುವಾಗ ಪ್ರತಿ ಕೆಜಿಗೆ 334 ಕಿಲೋಜೂಲ್ ಶಾಖ ಬಿಡುತ್ತದೆ. ಗ್ರಾಫಿನ ಆ ಗುಬುಟು ಅದೇ.

ಆ ಗುಬುಟು ಕೋಶಕ್ಕೆ ಎರಡು ಕಡೆಯಿಂದ ಕೆಟ್ಟದ್ದು. ತಡವಾಗಿ, ತುಂಬಾ ತಣ್ಣಗಾದ ಮೇಲೆ ಹುಟ್ಟಿದ ಮಂಜು ವೇಗವಾಗಿ ಹಬ್ಬಿ ಕೋಶದೊಳಗೂ ನುಗ್ಗುತ್ತದೆ. ಜೊತೆಗೆ, ವಯಲ್ ಶಾಖ ಬಿಡುತ್ತಾ ಒಂದೇ ತಾಪಮಾನದಲ್ಲಿ ನಿಂತಿರುವಾಗ ಸುತ್ತಲಿನ ಗಾಳಿ ತಣ್ಣಗಾಗುತ್ತಲೇ ಇರುತ್ತದೆ. ಶಾಖ ಬಿಟ್ಟು ಮುಗಿದ ಕೂಡಲೇ ಅಷ್ಟೂ ಅಂತರವನ್ನು ವಯಲ್ ಒಂದೇ ಉಸಿರಿಗೆ ಇಳಿದುಬಿಡುತ್ತದೆ. ಯಂತ್ರದ ಪರದೆ ಮೇಲೆ ನಿಮಿಷಕ್ಕೆ 1 ಡಿಗ್ರಿ ಅಂತಲೇ ಬರೆದಿರುತ್ತದೆ. ಕೋಶ ಅನುಭವಿಸಿದ್ದು ಹತ್ತು ಡಿಗ್ರಿ.

ಹಾಗಾಗಿ ಒಳ್ಳೆಯ ನಿಯಂತ್ರಿತ ಫ್ರೀಜರ್‌ನಲ್ಲಿ ದ್ರವ ಸಾರಜನಕ ಸಿಂಪಡಿಸುವ ಕವಾಟ, ಬಿರುಸಾದ ಫ್ಯಾನ್, ಹೀಟರ್ ಮೂರೂ ಇರುತ್ತವೆ. ಚಳಿ ಯಂತ್ರಕ್ಕೆ ಹೀಟರ್ ಯಾಕೆ ಅನ್ನಿಸಬಹುದು. ಗುಬುಟು ಬರುವ ಹೊತ್ತಿಗೆ ಫ್ರೀಜರ್‌ನ ಒಳಕೋಣೆಯನ್ನು ಸರ್ರನೆ ತಣ್ಣಗೆ ಮಾಡಿ ಆ ಶಾಖವನ್ನು ಎಳೆದುಕೊಳ್ಳಬೇಕು, ಮರುಕ್ಷಣವೇ ಆ ಒಳಕೋಣೆಯನ್ನು ಬೆಚ್ಚಗೆ ಮಾಡಿ ವಯಲ್‌ನ ಹಾದಿಗೆ ತರಬೇಕು. ಭ್ರೂಣವಾದರೆ ಇನ್ನೂ ಜಾಗ್ರತೆ. ಮೈನಸ್ 7ರ ಹತ್ತಿರ ತಂದು ನಿಲ್ಲಿಸಿ, ದ್ರವ ಸಾರಜನಕದಲ್ಲಿ ಅದ್ದಿದ ಚಿಮುಟದಿಂದ ಸ್ಟ್ರಾದ, ಅಂದರೆ ಭ್ರೂಣ ಇರುವ ತೆಳು ಕೊಳವೆಯ, ಹೊರಮೈ ಮುಟ್ಟುತ್ತಾರೆ, ಭ್ರೂಣದಿಂದ ದೂರದ ತುದಿಯಲ್ಲಿ. ಅಲ್ಲೊಂದು ಬಿಳಿ ಚುಕ್ಕೆ ಏಳುತ್ತದೆ. ಮಂಜು ನಿಧಾನವಾಗಿ ಹಬ್ಬಿ ಬರುತ್ತದೆ. ಇದನ್ನು ಸೀಡಿಂಗ್ ಅನ್ನುತ್ತಾರೆ. ಇಡೀ ಪ್ರಕ್ರಿಯೆಯಲ್ಲಿ ನನಗೆ ಅತ್ಯಂತ ಸುಂದರ ಅನ್ನಿಸುವ ಗಳಿಗೆ ಇದು.

ದ್ರವ ಸಾರಜನಕಕ್ಕೆ ಅದ್ದಿದರೆ ಬೇಗ ತಣ್ಣಗಾಗುತ್ತದೆಯೇ?

ಎಲ್ಲರೂ ಹೌದು ಅಂದುಕೊಳ್ಳುತ್ತಾರೆ. ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿ ನೋಡಿ. ಹನಿ ತಕ್ಷಣ ಆವಿಯಾಗುವುದಿಲ್ಲ, ಗೋಲಿಯ ಹಾಗೆ ಉರುಳಾಡುತ್ತದೆ. ಹನಿಯ ಕೆಳಗೆ ಅದರದೇ ಆವಿಯ ತೆಳು ಹಾಸು ಇರುತ್ತದೆ, ಅದು ಶಾಖವನ್ನು ತಡೆಯುತ್ತದೆ. 1756ರಲ್ಲೇ ಜರ್ಮನಿಯ ಲೈಡನ್‌ಫ್ರಾಸ್ಟ್ ಇದನ್ನು ವಿವರಿಸಿದ್ದರು. ದ್ರವ ಸಾರಜನಕದ ಮಟ್ಟಿಗೆ ನಮ್ಮ ಕೋಣೆಯ ತಾಪಮಾನವೇ ಕಾದ ಹೆಂಚು. ಅದರೊಳಗೆ ಅದ್ದಿದ ಅಂಗಾಂಶದ ಸುತ್ತ ಅನಿಲದ ಅಂಗಿ ಹುಟ್ಟುತ್ತದೆ. ಆ ಅಂಗಿ ಕಳಚುವವರೆಗೂ ಶಾಖ ಹೊರಗೆ ಬರುವುದು ನಿಧಾನ.

ಸ್ನಾಯುವಿನ ಬಯಾಪ್ಸಿ ನೋಡುವವರಿಗೆ ಇದು ಚೆನ್ನಾಗಿ ಗೊತ್ತು. ಚೂರು ಸ್ನಾಯುವನ್ನು ನೇರವಾಗಿ ದ್ರವ ಸಾರಜನಕಕ್ಕೆ ಹಾಕಿ, ಸೀಳಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಒಂದೊಂದು ನಾರಿನೊಳಗೂ ತೂತುಗಳು. ಜರಡಿಯ ಹಾಗೆ. ಒಂದೊಂದು ತೂತೂ ಒಂದು ಮಂಜಿನ ಹರಳು ಕೂತಿದ್ದ ಜಾಗ. ಅದಕ್ಕೇ ಅವರು ಐಸೋಪೆಂಟೇನ್ ಅನ್ನುವ ದ್ರವವನ್ನು ದ್ರವ ಸಾರಜನಕದಲ್ಲಿ ಇಟ್ಟು, ಪಾತ್ರೆಯ ತಳದಲ್ಲಿ ಬಿಳಿ ಗಟ್ಟಿ ಕಾಣಿಸುವವರೆಗೆ ತಣ್ಣಗೆ ಮಾಡಿ, ಸ್ನಾಯುವನ್ನು ಅದರಲ್ಲಿ ಅದ್ದುತ್ತಾರೆ. ಐಸೋಪೆಂಟೇನ್ ಮೈನಸ್ 160ರ ಆಸುಪಾಸು ಮಾತ್ರ. ಅಂದರೆ ದ್ರವ ಸಾರಜನಕಕ್ಕಿಂತ 36 ಡಿಗ್ರಿ ಬೆಚ್ಚಗೆ. ಆದರೂ ಅದು ಬೇಗ ತಣ್ಣಗಾಗಿಸುತ್ತದೆ, ಯಾಕೆಂದರೆ ಅದು ಅಲ್ಲಿ ಕುದಿಯುವುದಿಲ್ಲ, ಅಂಗಿ ಹುಟ್ಟುವುದಿಲ್ಲ. ಜಾಸ್ತಿ ಚಳಿಯ ದ್ರವವೇ ಜಾಸ್ತಿ ಬೇಗ ತಣ್ಣಗಾಗಿಸುತ್ತದೆ ಅಂತೇನೂ ಇಲ್ಲ. ಉಪಕರಣ ಕಟ್ಟುವವರು ಮೊದಲು ಬಿಡಬೇಕಾದ ಭ್ರಮೆ ಇದು.

ಸಾಕಷ್ಟು ಬೇಗ ತಣ್ಣಗಾಗಿಸಿದರೆ ಇನ್ನೊಂದು ದಾರಿ ತೆರೆಯುತ್ತದೆ. ಮಂಜಿಗೆ ಹರಳು ಕಟ್ಟಲು ಸಮಯವೇ ಸಿಗದೆ ದ್ರವ ಹಾಗೆಯೇ ಗಟ್ಟಿಯಾಗಿ ಗಾಜಾಗುತ್ತದೆ. ವಿಟ್ರಿಫಿಕೇಶನ್ ಅನ್ನುವುದು ಇದನ್ನೇ. 1985ರಲ್ಲಿ ವಿಲಿಯಂ ರಾಲ್ ಮತ್ತು ಗ್ರೆಗರಿ ಫಾಹಿ ಇಲಿಯ ಭ್ರೂಣಗಳನ್ನು ಹೀಗೆ ಗಾಜಾಗಿಸಿ ಬದುಕಿಸಿದರು. ಈಗ ಅಂಡಾಣುಗಳಿಗೆ ಬಳಸುವ ಕ್ರಯೋಟಾಪ್ ನೋಡಿದರೆ ಅಚ್ಚರಿಯಾಗುತ್ತದೆ. ಯಂತ್ರವೇ ಇಲ್ಲ! ಕೈಯಲ್ಲಿ ಹಿಡಿಯುವ ಕಡ್ಡಿ, ತುದಿಯಲ್ಲಿ ತೆಳು ಪ್ಲಾಸ್ಟಿಕ್ ಪಟ್ಟಿ. ಪಟ್ಟಿಯ ಮೇಲೆ ಅಂಡಾಣು ಇರುವ 0.1 ಮೈಕ್ರೋಲೀಟರ್‌ನಷ್ಟು ದ್ರವ. ಅದನ್ನು ದ್ರವ ಸಾರಜನಕಕ್ಕೆ ಅದ್ದಿದರೆ ನಿಮಿಷಕ್ಕೆ ಸುಮಾರು 23,000 ಡಿಗ್ರಿ ವೇಗ ಸಿಗುತ್ತದೆ. ಇಲ್ಲಿ ಎಂಜಿನಿಯರಿಂಗ್ ಎಲ್ಲಾ ಆ ಹನಿಯ ಚಿಕ್ಕತನದಲ್ಲಿದೆ.

ದೊಡ್ಡದಕ್ಕೆ ಈ ಉಪಾಯ ನಡೆಯುವುದಿಲ್ಲ. ಶಾಖ ಅಂಗಾಂಶದೊಳಗೆ ಸಾಗಲು ಹಿಡಿಯುವ ಹೊತ್ತು ದಪ್ಪದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ದಪ್ಪ ಎರಡರಷ್ಟಾದರೆ ಹೊತ್ತು ನಾಲ್ಕರಷ್ಟು. ಒಂದು ಮಿಲಿಮೀಟರ್ ದಾಟಲು ಸುಮಾರು 7 ಸೆಕೆಂಡ್ ಬೇಕಾದರೆ, ಒಂದು ಸೆಂಟಿಮೀಟರ್ ದಾಟಲು 12 ನಿಮಿಷ. ಐದು ಸೆಂಟಿಮೀಟರ್‌ಗೆ ಐದು ಗಂಟೆ. ಹೊರಗೆ ಎಷ್ಟೇ ಚಳಿ ಇಟ್ಟರೂ ಒಳಗಿನ ಅಂಗಾಂಶವೇ ಶಾಖಕ್ಕೆ ಅಡ್ಡ ನಿಲ್ಲುತ್ತದೆ. ಈ ವರ್ಗದ ಲೆಕ್ಕವನ್ನು ನೆನಪಿಡಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಇಡುವ ಪಾತ್ರೆ

ಹೆಪ್ಪುಗಟ್ಟಿಸಿದ್ದಾಯಿತು. ಈಗ ಇಡಬೇಕು, ಇಪ್ಪತ್ತು ಮೂವತ್ತು ವರ್ಷ ಬೇಕಾದರೂ.

ಮೈನಸ್ 80ರ ಫ್ರೀಜರ್ ಸಾಲದು. ಅದು ಜಾಣ ಯಂತ್ರ ನಿಜ. ಒಂದೇ ಕಂಪ್ರೆಸರ್ ಕೋಣೆಯ ತಾಪಮಾನದಿಂದ ಅಷ್ಟು ಕೆಳಗೆ ಇಳಿಸಲಾರದು ಅಂತ ಎರಡು ಸುತ್ತುಗಳನ್ನು ಜೋಡಿಸಿರುತ್ತಾರೆ. ಮೊದಲ ಸುತ್ತಿನ ತಣ್ಣನೆಯ ತುದಿಗೆ ಎರಡನೆಯದು ತನ್ನ ಶಾಖ ಒಪ್ಪಿಸುತ್ತದೆ. ಆದರೆ ಮೈನಸ್ 80ರಲ್ಲಿ ನೀರಿನ ಅಣುಗಳು ಇನ್ನೂ ಪೂರ್ತಿ ನಿಂತಿರುವುದಿಲ್ಲ. ಸಣ್ಣ ಹರಳುಗಳು ಕರಗಿ ದೊಡ್ಡ ಹರಳುಗಳಿಗೆ ಸೇರುತ್ತವೆ, ತಿಂಗಳುಗಟ್ಟಲೆ, ಸದ್ದಿಲ್ಲದೆ. ಶುದ್ಧ ನೀರು ಮೈನಸ್ 137ರ ಹತ್ತಿರ ಗಾಜಿನ ಸ್ಥಿತಿಗೆ ಬರುತ್ತದೆ. ಅದಕ್ಕಿಂತ ಕೆಳಗೆ ಇದ್ದರೆ ನಿಶ್ಚಿಂತೆ. ಹಾಗಾಗಿ ದೀರ್ಘಕಾಲಕ್ಕೆ ಸಾರಜನಕದ ಡ್ಯೂವರ್ ಬೇಕೇ ಬೇಕು.

ಡ್ಯೂವರ್ ಅಂದರೆ 1892ರಲ್ಲಿ ಜೇಮ್ಸ್ ಡ್ಯೂವರ್ ಮಾಡಿದ ನಿರ್ವಾತ ಫ್ಲಾಸ್ಕ್‌ನ ದೊಡ್ಡ ತಮ್ಮ. ಎರಡು ಗೋಡೆ, ನಡುವೆ ನಿರ್ವಾತ, ಅದರಲ್ಲಿ ಹೊಳೆಯುವ ಅಲ್ಯೂಮಿನಿಯಂ ಹಾಳೆಯ ಹತ್ತಾರು ಪದರ. ಗಾಳಿ ಇಲ್ಲದ್ದರಿಂದ ಶಾಖ ಗಾಳಿಯ ಮೂಲಕ ಬರುವುದಿಲ್ಲ, ಹಾಳೆಗಳು ವಿಕಿರಣವನ್ನು ವಾಪಸ್ ಕಳಿಸುತ್ತವೆ. ಉಳಿಯುವುದು ಕತ್ತು. ಒಳಪಾತ್ರೆ ಹೊರಪಾತ್ರೆಗೆ ತಗುಲಿಕೊಳ್ಳುವುದೇ ಅಲ್ಲಿ. ಅದನ್ನು ಶಾಖ ಸಾಗಿಸದ ವಸ್ತುವಿನಿಂದ ತೆಳ್ಳಗೆ, ಉದ್ದವಾಗಿ ಮಾಡುತ್ತಾರೆ. ಉದ್ದಕ್ಕೆ ಇನ್ನೊಂದು ಕಾರಣವೂ ಇದೆ. ಒಂದು ಕೆಜಿ ದ್ರವ ಸಾರಜನಕ ಆವಿಯಾಗುವಾಗ ಸುಮಾರು 200 ಕಿಲೋಜೂಲ್ ಶಾಖ ಹೀರುತ್ತದೆ. ಆ ಆವಿ ಮೈನಸ್ 196ರಿಂದ ಕೋಣೆಯ ತಾಪಮಾನಕ್ಕೆ ಬರುವಷ್ಟರಲ್ಲಿ ಇನ್ನೂ 220ರಷ್ಟು ಹೀರಬಲ್ಲದು. ತಪ್ಪಿಸಿಕೊಂಡು ಹೋಗುವ ಆವಿ ಉದ್ದನೆಯ ಕತ್ತನ್ನು ಸವರಿಕೊಂಡು ಹೋದರೆ ಒಳಗೆ ಬರುವ ಶಾಖವನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ಸುಮ್ನೆ ಹಾಳಾಗುವ ಆವಿಗೂ ಕೆಲಸ ಕೊಟ್ಟ ವಿನ್ಯಾಸ ಇದು.

ಮಾದರಿಗಳನ್ನು ದ್ರವದೊಳಗೆ ಮುಳುಗಿಸಿ ಇಡಬೇಕೋ, ದ್ರವದ ಮೇಲಿನ ಆವಿಯಲ್ಲಿ ಇಡಬೇಕೋ? ದ್ರವದಲ್ಲಿ ತಾಪಮಾನ ಗಟ್ಟಿ. ಆದರೆ 1995ರಲ್ಲಿ ಪ್ರಕಟವಾದ ಒಂದು ಪ್ರಕರಣ ಎಲ್ಲರನ್ನೂ ಎಚ್ಚರಿಸಿತು. ಒಂದೇ ಟ್ಯಾಂಕಿನ ದ್ರವದಲ್ಲಿದ್ದ ಸೋರುವ ಚೀಲದಿಂದ ಹೆಪಟೈಟಿಸ್ ಬಿ ವೈರಸ್ ಬೇರೆ ರೋಗಿಗಳ ಮಾದರಿಗಳಿಗೂ ತಲುಪಿತ್ತು. ಆಮೇಲೆ ಆವಿಯಲ್ಲಿ ಇಡುವುದು ಹೆಚ್ಚಾಯಿತು. ಆವಿಯ ತೊಂದರೆ ಅಂದರೆ ತಳ ಮೈನಸ್ 190 ಇದ್ದರೂ ಮುಚ್ಚಳದ ಹತ್ತಿರ ಬೆಚ್ಚಗಾಗಿಬಿಡಬಹುದು. ಹಾಗಾಗಿ ಅಲ್ಯೂಮಿನಿಯಂ ಅಥವಾ ತಾಮ್ರದ ಚೌಕಟ್ಟು ಇಟ್ಟು ತಳದ ಚಳಿಯನ್ನು ಮೇಲಕ್ಕೆ ತರುತ್ತಾರೆ, ಇಲ್ಲವೇ ದ್ರವವನ್ನು ಗೋಡೆಯೊಳಗೇ ತುಂಬುತ್ತಾರೆ. ರ‍್ಯಾಕ್ ಎತ್ತಿ ವಯಲ್ ಹುಡುಕುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಕೋಣೆಯ ಗಾಳಿಗೆ ಬಂದ ತೆಳು ಸ್ಟ್ರಾ ಗಾಜಿನ ಗಡಿ ದಾಟಲು ಕೆಲವೇ ಸೆಕೆಂಡ್ ಸಾಕು.

2018ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಎರಡು ಬೇರೆ ಬೇರೆ ಊರುಗಳ ಫರ್ಟಿಲಿಟಿ ಕ್ಲಿನಿಕ್‌ಗಳಲ್ಲಿ ಒಂದೇ ವಾರಾಂತ್ಯದಲ್ಲಿ ಟ್ಯಾಂಕುಗಳು ಕೈಕೊಟ್ಟವು. ಸಾವಿರಾರು ಅಂಡಾಣು ಮತ್ತು ಭ್ರೂಣಗಳು ಹೋದವು. ಒಂದು ಕಡೆ ಸಿಬ್ಬಂದಿಗೆ ಎಚ್ಚರಿಕೆ ಮುಟ್ಟಿಸುವ ದೂರದ ಅಲಾರಂ ಆಫ್ ಆಗಿತ್ತು. ಆ ಟ್ಯಾಂಕುಗಳಲ್ಲಿ ಕೆಲವರ ಪಾಲಿಗೆ ತಾಯ್ತನದ ಕೊನೆಯ ಅವಕಾಶ ಇತ್ತು. ಇದನ್ನು ನೆನೆದಾಗಲೆಲ್ಲಾ ನನಗೆ ಅನ್ನಿಸುವುದು, ಅಲಾರಂ ಅನ್ನುವುದು ಯಂತ್ರಕ್ಕೆ ಆಮೇಲೆ ಅಂಟಿಸುವ ವಸ್ತು ಆಗಬಾರದು. ಟ್ಯಾಂಕನ್ನು ತುಂಬಿಸುವ ನಿಯಂತ್ರಕವೇ ಅಲಾರಂ ಕೂಡ ಹೊಡೆಯಬೇಕು ಅಂದರೆ, ನಿಯಂತ್ರಕ ಕೆಟ್ಟ ದಿನ ಎರಡೂ ಸಾಯುತ್ತವೆ. ಬೇರೆ ಸೆನ್ಸರ್, ಬೇರೆ ಬ್ಯಾಟರಿ, ಬೇರೆ ಫೋನ್ ಲೈನ್ ಬೇಕು. ಟ್ಯಾಂಕಿನ ಕೆಳಗೆ ಒಂದು ತೂಕದ ಯಂತ್ರ ಇದ್ದರೆ ಇನ್ನೂ ಒಳ್ಳೆಯದು. ನಿರ್ವಾತ ಸೋರಲು ಶುರುವಾದರೆ ತಾಪಮಾನ ಏರುವ ಮೊದಲೇ ದ್ರವ ಬೇಗ ಬೇಗ ಖಾಲಿಯಾಗುತ್ತದೆ, ತೂಕ ಅದನ್ನು ಮುಂಚೆಯೇ ಹೇಳುತ್ತದೆ. ಕಣ್ಣಿಗೂ ಗುರುತು ಸಿಗುತ್ತದೆ: ಟ್ಯಾಂಕಿನ ಹೊರಮೈ ಬೆವರುತ್ತದೆ, ಕತ್ತಿನ ಸುತ್ತ ಬಿಳಿ ಮಂಜು ಕೂರುತ್ತದೆ.

ಕೋಣೆಯಲ್ಲಿ ಆಮ್ಲಜನಕದ ಮಾಪಕ ಕಡ್ಡಾಯ ಇರಬೇಕು. ಒಂದು ಲೀಟರ್ ದ್ರವ ಸಾರಜನಕ ಸುಮಾರು 700 ಲೀಟರ್ ಅನಿಲವಾಗುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ. ಎರಡು ಕವಾಟಗಳ ನಡುವೆ ದ್ರವ ಸಿಕ್ಕಿಕೊಳ್ಳುವ ಪ್ರತಿಯೊಂದು ಕೊಳವೆಗೂ ಒತ್ತಡ ಬಿಡುವ ಕವಾಟ ಬೇಕು, ಇಲ್ಲದಿದ್ದರೆ ಆ ಕೊಳವೆ ಬಾಂಬೇ. ಇನ್ನು ವಸ್ತುಗಳ ವಿಷಯ. ಸಾಮಾನ್ಯ ಉಕ್ಕು ಈ ಚಳಿಯಲ್ಲಿ ಗಾಜಿನ ಹಾಗೆ ಪೆಡಸಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ, ತಾಮ್ರ ತಾಳುತ್ತವೆ. ರಬ್ಬರ್ ರಿಂಗುಗಳು ಕಲ್ಲಾಗುತ್ತವೆ. ಎರಡು ಮೀಟರ್ ಸ್ಟೀಲ್ ಕೊಳವೆ ಸುಮಾರು 6 ಮಿಲಿಮೀಟರ್ ಕುಗ್ಗುತ್ತದೆ. ಟೆಫ್ಲಾನ್ ಇನ್ನೂ ಆರೇಳು ಪಟ್ಟು ಜಾಸ್ತಿ ಕುಗ್ಗುತ್ತದೆ. ಬೆಚ್ಚಗಿದ್ದಾಗ ಸೋರದ ಜೋಡಣೆ ಚಳಿಯಲ್ಲಿ ಸೋರುವುದು ಹೀಗೆ.

ಅದೇ ಮಂಜು ಆಯುಧವಾದಾಗ

ಈಗ ಎಲ್ಲವನ್ನೂ ತಿರುವಿ ಹಾಕೋಣ. ಗಡ್ಡೆಯ ಒಂದು ಕೋಶವೂ ಉಳಿಯಬಾರದು, ಪಕ್ಕದ ಒಳ್ಳೆಯ ಕೋಶಕ್ಕೆ ಏಟೂ ಬೀಳಬಾರದು.

19ನೇ ಶತಮಾನದ ನಡುವೆ ಇಂಗ್ಲೆಂಡಿನ ವೈದ್ಯ ಜೇಮ್ಸ್ ಆರ್ನಾಟ್ ಪುಡಿ ಮಾಡಿದ ಐಸ್‌ಗೆ ಉಪ್ಪು ಬೆರೆಸಿ ಮೈನಸ್ 20ರ ಆಸುಪಾಸಿನ ಚಳಿಯನ್ನು ಹೊರಗೆ ಕಾಣುವ ಗಡ್ಡೆಗಳ ಮೇಲೆ ಇಟ್ಟಿದ್ದರು. ನೋವು ಕಡಿಮೆಯಾಯಿತು, ಗಡ್ಡೆ ಕುಗ್ಗಿತು. ಆದರೆ ದೇಹದ ಆಳಕ್ಕೆ ಹೋಗಲು ದಾರಿ ಇರಲಿಲ್ಲ. 1961ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಕ ಇರ್ವಿಂಗ್ ಕೂಪರ್ ಮತ್ತು ಆರ್ನಾಲ್ಡ್ ಲೀ ದ್ರವ ಸಾರಜನಕ ಹರಿಯುವ ಪ್ರೋಬ್ ಮಾಡಿದರು. ಒಂದರೊಳಗೊಂದು ಕೊಳವೆ. ಒಳಗಿನಿಂದ ದ್ರವ ತುದಿಗೆ ಹೋಗುತ್ತದೆ, ಹೊರಗಿನಿಂದ ಅನಿಲ ವಾಪಸ್ ಬರುತ್ತದೆ, ಅದರ ಸುತ್ತ ನಿರ್ವಾತದ ಕವಚ. ತುದಿ ಮಾತ್ರ ಬೆತ್ತಲೆ. ಹೀಗಾಗಿ ದಾರಿಯ ಅಂಗಾಂಶಕ್ಕೆ ಏನೂ ಆಗುವುದಿಲ್ಲ, ತುದಿಯ ಸುತ್ತ ಮಾತ್ರ ಹೆಪ್ಪುಗಟ್ಟುತ್ತದೆ. ಇವತ್ತಿನ ಪ್ರೋಬ್‌ಗಳ ಅಜ್ಜ ಇದೇ.

ಇವತ್ತಿನವು ಒಂದೂವರೆ ಮಿಲಿಮೀಟರ್ ದಪ್ಪದ ಸೂಜಿಗಳು. ಅಷ್ಟು ಸಣ್ಣ ಕೊಳವೆಯಲ್ಲಿ ಕುದಿಯುವ ದ್ರವ ಸರಾಗವಾಗಿ ಹರಿಯದು, ಹಾಗಾಗಿ ಹೆಚ್ಚಿನವು ಅನಿಲ ಬಳಸುತ್ತವೆ. ಬಿಗಿಯಾಗಿ ಒತ್ತಿ ತುಂಬಿದ ಆರ್ಗಾನ್, ತುದಿಯಲ್ಲಿ ಕೂದಲೆಳೆಯಂಥ ತೂತಿನಿಂದ ಹೊರಗೆ ಬಂದು ಥಟ್ಟನೆ ಹಿಗ್ಗುತ್ತದೆ. ಅನಿಲದ ಅಣುಗಳು ಒಂದನ್ನೊಂದು ಸ್ವಲ್ಪ ಎಳೆದುಕೊಂಡಿರುತ್ತವೆ. ದೂರ ಸರಿಯಬೇಕಾದರೆ ಆ ಎಳೆತದ ವಿರುದ್ಧ ದುಡಿಯಬೇಕು, ಅದಕ್ಕೆ ತಮ್ಮ ವೇಗವನ್ನೇ ಖರ್ಚು ಮಾಡುತ್ತವೆ. ವೇಗ ಇಳಿದರೆ ತಾಪಮಾನ ಇಳಿದ ಹಾಗೆ. ಜೂಲ್ ಮತ್ತು ಥಾಮ್ಸನ್ 1850ರ ದಶಕದಲ್ಲಿ ಕಂಡದ್ದು ಇದು. ತುದಿ ಮೈನಸ್ 140ರ ಆಸುಪಾಸಿಗೆ ಹೋಗುತ್ತದೆ, ಒಂದೆರಡು ನಿಮಿಷದೊಳಗೆ. ಚೆಂದ ಅಂದರೆ ಹೀಲಿಯಂ ಅಣುಗಳಲ್ಲಿ ಆ ಎಳೆತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೋಣೆಯ ತಾಪಮಾನದಲ್ಲಿ ಹಿಗ್ಗಿದರೆ ಅದು ಬೆಚ್ಚಗಾಗುತ್ತದೆ! ಹಾಗಾಗಿ ಅದೇ ಸೂಜಿ, ಅದೇ ತೂತು. ಆರ್ಗಾನ್ ಬಿಟ್ಟರೆ ಹೆಪ್ಪು, ಹೀಲಿಯಂ ಬಿಟ್ಟರೆ ಕರಗು.

ಸೂಜಿಯ ಸುತ್ತ ಮಂಜಿನ ಗುಂಡು ಬೆಳೆಯುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಅದರ ಅಂಚು ಬೆಳ್ಳಗೆ ಹೊಳೆಯುತ್ತದೆ, ಸಿಟಿ ಸ್ಕ್ಯಾನ್‌ನಲ್ಲಿ ಕಪ್ಪು ಗುಂಡಾಗಿ ಕಾಣುತ್ತದೆ. ಏನು ಮಾಡುತ್ತಿದ್ದೇವೆ ಅನ್ನುವುದು ಕಣ್ಣಿಗೆ ಕಾಣುವುದೇ ಈ ಚಿಕಿತ್ಸೆಯ ದೊಡ್ಡ ಬಲ. ಆದರೆ ಮೋಸ ಹೋಗುವುದೂ ಇಲ್ಲೇ. ಕಾಣುವ ಅಂಚು ಅಂದರೆ ಸೊನ್ನೆ ಡಿಗ್ರಿಯ ಆಸುಪಾಸು. ಅಲ್ಲಿ ಕೋಶ ಸಾಯುವುದಿಲ್ಲ. ಖಚಿತವಾಗಿ ಸಾಯಬೇಕಾದರೆ ಮೈನಸ್ 40ರವರೆಗೆ ಹೋಗಬೇಕು ಅಂತ ವಿನ್ಯಾಸದಲ್ಲಿ ಇಟ್ಟುಕೊಳ್ಳುತ್ತಾರೆ. ಆ ಗೆರೆ ಅಂಚಿನಿಂದ ಕೆಲವು ಮಿಲಿಮೀಟರ್ ಒಳಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಗುಂಡು ಗಡ್ಡೆಯ ಗಡಿ ದಾಟಿ 5ರಿಂದ 10 ಮಿಲಿಮೀಟರ್ ಬೆಳೆಯಲೇಬೇಕು. ದೊಡ್ಡ ಗಡ್ಡೆಗೆ ಒಂದೂವರೆ ಎರಡು ಸೆಂಟಿಮೀಟರ್ ಅಂತರದಲ್ಲಿ ಹಲವು ಸೂಜಿ. ಬೇಗ ಹೆಪ್ಪುಗಟ್ಟಿಸಿ, ನಿಧಾನವಾಗಿ ಕರಗಿಸಿ, ಮತ್ತೆ ಅದನ್ನೇ ಮಾಡುತ್ತಾರೆ. ಉಳಿಸುವವರು ಮಾಡಬಾರದು ಅನ್ನುವುದೆಲ್ಲಾ ಇಲ್ಲಿ ಬೇಕೆಂದೇ ಮಾಡುವುದು.

ಹತ್ತಿರ ದೊಡ್ಡ ರಕ್ತನಾಳ ಇದ್ದರೆ ಅದು ಬಿಸಿನೀರಿನ ಕೊಳವೆಯ ಹಾಗೆ ಗುಂಡನ್ನು ಒಂದು ಕಡೆ ಕರಗಿಸುತ್ತಿರುತ್ತದೆ, ಆ ಮೂಲೆಯ ಕೋಶಗಳು ಬಚಾವಾಗುತ್ತವೆ. ಪ್ರಾಸ್ಟೇಟ್ ಆದರೆ ನಡುವೆ ಹಾದುಹೋಗುವ ಮೂತ್ರನಾಳ ಹೆಪ್ಪುಗಟ್ಟಬಾರದು ಅಂತ ಅದರೊಳಗೆ ಬೆಚ್ಚನೆಯ ನೀರು ಹರಿಯುವ ಕೊಳವೆ ಇಟ್ಟಿರುತ್ತಾರೆ. ಹೃದಯದ ಲಯ ತಪ್ಪಿದವರಿಗೆ ಮಾಡುವ ಚಿಕಿತ್ಸೆಯಲ್ಲಿ ನೈಟ್ರಸ್ ಆಕ್ಸೈಡ್‌ನಿಂದ ತಣ್ಣಗಾಗುವ ಪುಟ್ಟ ಬಲೂನನ್ನು ಹೃದಯದೊಳಗೆ ಶ್ವಾಸಕೋಶದ ರಕ್ತನಾಳದ ಬಾಯಿಗೆ ಒತ್ತುತ್ತಾರೆ. ಅಲ್ಲೇ ಪಕ್ಕದಲ್ಲಿ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವನ್ನು, ನಡೆಸುವ ನರ ಇದೆ. ಬಲಗಡೆ ಹೆಪ್ಪುಗಟ್ಟಿಸುವಾಗ ಆ ನರವನ್ನು ವಿದ್ಯುತ್ತಿನಿಂದ ಕೆಣಕುತ್ತಲೇ ಇರುತ್ತಾರೆ, ಒಬ್ಬರು ರೋಗಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡಿರುತ್ತಾರೆ. ಟಕ್, ಟಕ್ ಅಂತ ವಪೆ ಒದೆಯುತ್ತದೆ. ಒದೆತ ಮೆತ್ತಗಾದ ಕೂಡಲೇ ಚಳಿ ನಿಲ್ಲಬೇಕು. ಇಷ್ಟೆಲ್ಲಾ ಸೆನ್ಸರ್‌ಗಳ ಯಂತ್ರದಲ್ಲೂ ಆ ಅಂಗೈಗೆ ಜಾಗ ಇದೆ.

ಹತ್ತುವ ದಾರಿ

ಉಳಿಸುವ ಯಂತ್ರಕ್ಕೆ ವಾಪಸ್ ಬರೋಣ. ಗಾಜಾಗಿಸಿದ ಅಂಗವನ್ನು ಬೆಚ್ಚಗಾಗಿಸುವುದು ತಣ್ಣಗಾಗಿಸುವುದಕ್ಕಿಂತಲೂ ಕಷ್ಟ. ಕಾರಣ ಇಷ್ಟು. ಇಳಿಯುವಾಗ ಮಂಜಿನ ಬೀಜಗಳು ಹುಟ್ಟುವುದು ತುಂಬಾ ಕೆಳಗೆ, ಅಲ್ಲಿ ದ್ರವ ಅಂಟಾಗಿ ಗಟ್ಟಿಯಾಗಿರುವುದರಿಂದ ಅವು ಬೆಳೆಯಲಾರವು. ಹತ್ತುವಾಗ ಆ ಬೀಜಗಳು ಆಗಲೇ ಇರುತ್ತವೆ, ಈಗ ಬೆಳೆಯಲು ಬೇಕಾದ ಬೆಚ್ಚನೆಯೂ ಸಿಗುತ್ತದೆ. ವಿಎಸ್55 ಅನ್ನುವ ರಕ್ಷಕ ಮಿಶ್ರಣವನ್ನು ಗಾಜಾಗಿಸಲು ನಿಮಿಷಕ್ಕೆ 2.5 ಡಿಗ್ರಿ ಸಾಕು. ಅದನ್ನೇ ಮಂಜಿಲ್ಲದೆ ವಾಪಸ್ ತರಲು ನಿಮಿಷಕ್ಕೆ 50 ಡಿಗ್ರಿ ಬೇಕು. ಹೊರಗಿನಿಂದ ಬಿಸಿನೀರು ಸುರಿದರೆ ಮೈ ಬೆಚ್ಚಗಾಗಿ ಒಳಗು ತಣ್ಣಗೇ ಉಳಿದು, ಆ ಎಳೆದಾಟಕ್ಕೆ ಗಾಜು ಬಿರುಕು ಬಿಡುತ್ತದೆ.

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜಾನ್ ಬಿಶಾಫ್ ಅವರ ತಂಡ ಇದಕ್ಕೆ ಒಂದು ದಾರಿ ಹಿಡಿದಿದೆ. ತಣ್ಣಗಾಗಿಸುವ ಮೊದಲೇ ಅಂಗದ ರಕ್ತನಾಳಗಳಲ್ಲಿ ಕಬ್ಬಿಣದ ಆಕ್ಸೈಡಿನ ನ್ಯಾನೋಕಣಗಳನ್ನು ರಕ್ಷಕ ದ್ರವದ ಜೊತೆ ತುಂಬುತ್ತಾರೆ. ಬೇಕಾದಾಗ ಗಾಜಾದ ಅಂಗವನ್ನು ತಾಮ್ರದ ಸುರುಳಿಯೊಳಗೆ ಇಟ್ಟು ದಿಕ್ಕು ಬದಲಿಸುವ ಕಾಂತಕ್ಷೇತ್ರ ಹಾಯಿಸುತ್ತಾರೆ. ಕಣಗಳು ಇದ್ದಲ್ಲೇ ಬಿಸಿಯಾಗುತ್ತವೆ. ಶಾಖ ಹೊರಗಿನಿಂದ ಒಳಗೆ ನಡೆದು ಬರಬೇಕಾಗಿಲ್ಲ, ಒಂದೊಂದು ರಕ್ತನಾಳದಿಂದಲೂ ಒಮ್ಮೆಗೇ ಏಳುತ್ತದೆ. ದಪ್ಪದ ವರ್ಗದ ಲೆಕ್ಕ ಹತ್ತುವ ದಾರಿಯಲ್ಲಿ ಇಲ್ಲವಾಯಿತು. 2023ರಲ್ಲಿ ಈ ತಂಡ 100 ದಿನಗಳವರೆಗೆ ಗಾಜಾಗಿಸಿ ಇಟ್ಟಿದ್ದ ಇಲಿಯ ಕಿಡ್ನಿಗಳನ್ನು ಹೀಗೆ ಎಬ್ಬಿಸಿ, ಕಣಗಳನ್ನು ತೊಳೆದು, ಬೇರೆ ಇಲಿಗಳಿಗೆ ಕಸಿ ಮಾಡಿದ್ದನ್ನು ಪ್ರಕಟಿಸಿತು. ಆ ಇಲಿಗಳು ಆ ಒಂದೇ ಕಿಡ್ನಿಯ ಮೇಲೆ ಬದುಕಿದವು.

ಇಲಿಯ ಕಿಡ್ನಿ ಒಂದು ಗ್ರಾಂ ಚಿಲ್ಲರೆ. ಮನುಷ್ಯನದು 150 ಗ್ರಾಂ ಹತ್ತಿರ, ದಪ್ಪ ಹಲವು ಪಟ್ಟು. ಇಳಿಯುವ ದಾರಿಯಲ್ಲಿ ಶಾಖ ಇನ್ನೂ ಮೈಯಿಂದಲೇ ಹೊರಗೆ ಬರಬೇಕು, ಅಲ್ಲಿ ವರ್ಗದ ಲೆಕ್ಕ ಹಾಗೇ ಕೂತಿದೆ. ನಿಧಾನವಾಗಿ ಇಳಿಸಿದರೂ ಗಾಜಾಗಬೇಕು ಅಂದರೆ ರಕ್ಷಕ ದ್ರವ ಇನ್ನೂ ದಟ್ಟ ಇರಬೇಕು. ದಟ್ಟವಾದಷ್ಟೂ ವಿಷ ಜಾಸ್ತಿ. ಹಾಗಾಗಿ ಪಂಪ್ ಮೂಲಕ, ಚಳಿಯಲ್ಲೇ, ಹಂತ ಹಂತವಾಗಿ ಅದನ್ನು ತುಂಬಬೇಕು, ಹಾಗೆಯೇ ಹಂತ ಹಂತವಾಗಿ ತೊಳೆಯಬೇಕು. ಗಾಜಿನ ಗಡಿಗೆ ಸ್ವಲ್ಪ ಮೇಲೆ ನಿಂತು, ಒಳಗು ಹೊರಗು ಒಂದೇ ತಾಪಮಾನಕ್ಕೆ ಬರುವವರೆಗೆ ಕಾದು, ಆಮೇಲೆ ಮೆಲ್ಲಗೆ ಗಡಿ ದಾಟಬೇಕು. ಮನುಷ್ಯನ ಕಿಡ್ನಿ ಹಿಡಿಸುವಷ್ಟು ದೊಡ್ಡ ಸುರುಳಿಯೊಳಗೆ ಎಲ್ಲಾ ಕಡೆ ಒಂದೇ ಸಮನಾದ ಕಾಂತಕ್ಷೇತ್ರ ಎಬ್ಬಿಸಬೇಕು. ಈ ಕೆಲಸ ಈಗ ನಡೆಯುತ್ತಿರುವುದು ಇಲ್ಲೇ, ಆ ಪಂಪಿನ ಹತ್ತಿರ ಮತ್ತು ಆ ಸುರುಳಿಯ ಹತ್ತಿರ.